ಎಂಟನೇ ಸ್ಟಾಪು

ಮಾರ್ಚ್ ೩

ಮಾನ್ಯರೇ,

ನಿಮ್ಮ 'ಬಸ್ಸಿಳಿದು ನಡೆಯುವ ದಾರಿಗಳು' ಹಸ್ತಪ್ರತಿ ತಲುಪಿದೆ. ರೂಲು ಹಾಕಿದ ನೋಟ್‌ಬುಕ್ಕಿನ ನೂರಾ ಹನ್ನೆರಡು ಪುಟಗಳನ್ನು ಎರಡೇ ದಿನದಲ್ಲಿ ಓದಿ ಮುಗಿಸಿದೆ.

ನಮ್ಮ ಪ್ರಕಾಶನಕ್ಕೆ ನಡಿಗೆಯ ಪುಸ್ತಕ ಬರೆದು ಕಳಿಸುವವರು ಹೆಚ್ಚಾಗಿ ಕಾರಿದ್ದವರು. ಅವರ ದಾರಿಗಳೆಲ್ಲ ಕಾರು ನಿಲ್ಲಿಸಿದ ಜಾಗಕ್ಕೇ ಸುತ್ತಿ ಬರುತ್ತವೆ. ಒಂದು ಸ್ಟಾಪಿನಲ್ಲಿ ಇಳಿದು, ಗುಡ್ಡ ಹತ್ತಿ, ಇನ್ನೊಂದು ಸ್ಟಾಪಿನಲ್ಲಿ ಮತ್ತೆ ಅದೇ ಇಪ್ಪತ್ತೇಳನೇ ನಂಬರ್ ಬಸ್ಸು ಹಿಡಿಯುವಂಥ ದಾರಿಗಳನ್ನು ಯಾರೂ ಬರೆದಿರಲಿಲ್ಲ. ಬಸ್ಸು ತಪ್ಪಿದರೆ ಯಾವ ಮನೆಯ ಬಾಗಿಲು ತಟ್ಟಬಹುದು ಎಂದು ಪ್ರತಿ ದಾರಿಯ ಕೊನೆಗೂ ಬರೆದಿದ್ದೀರಿ. ಹದಿನೆಂಟು ವರ್ಷದಿಂದ ಕೈಪಿಡಿಗಳನ್ನು ತಿದ್ದುತ್ತಿರುವ ನಾನು ಇಂಥದ್ದನ್ನು ಕಂಡಿಲ್ಲ. ಮೂವತ್ತು ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಿಗೆ ಮಾತ್ರ ಹೊಳೆಯುವ ಮಾತು ಅದು.

ಒಂದೇ ಪ್ರಶ್ನೆ. ಬಸ್ಸಿಗೆ ಹದಿನಾಲ್ಕು ಸ್ಟಾಪು ಎಂದು ಮೊದಲ ಪುಟದಲ್ಲಿದೆ. ದಾರಿಗಳು ಹದಿಮೂರೇ ಇವೆ. ಏಳಾದ ಮೇಲೆ ಒಂಬತ್ತು ಬರುತ್ತದೆ. ಎಂಟನೆಯದರ ಹಾಳೆ ಅಂಚೆಯಲ್ಲಿ ಕಳಚಿಹೋಯಿತೇ?

ಸಂಪಾದಕಿ, ಕೈಪಿಡಿ ವಿಭಾಗ

ಮಾರ್ಚ್ ೧೪

ಸಂಪಾದಕರಿಗೆ ನಮಸ್ಕಾರ.

ಹಾಳೆ ಕಳಚಿಲ್ಲ. ನೋಟ್‌ಬುಕ್ಕನ್ನು ನಾನೇ ದಾರ ಹಾಕಿ ಹೊಲಿದಿದ್ದೇನೆ. ಎಂಟರಲ್ಲಿ ನೋಡುವಂಥದ್ದೇನೂ ಇಲ್ಲ, ಅದಕ್ಕೇ ಬರೆದಿಲ್ಲ.

ಮೂರನೇ ದಾರಿಯಲ್ಲಿ ಒಂದು ತಿದ್ದುಪಡಿ ಇದೆ. ಹಾಳು ಸುಣ್ಣದ ಗೂಡಿನಿಂದ ತೊರೆಗೆ ಹನ್ನೆರಡು ನಿಮಿಷ ಎಂದು ಬರೆದಿದ್ದೆ. ಕಳೆದ ಭಾನುವಾರ ಮತ್ತೆ ನಡೆದೆ, ಹದಿನಾಲ್ಕಾಯಿತು. ಗೂಡು ಅಲ್ಲೇ ಇದೆ, ತೊರೆಯೂ ಅಲ್ಲೇ ಇದೆ, ವಯಸ್ಸಾಗಿರುವುದು ನನ್ನ ಕಾಲಿಗೆ. ಹದಿನಾಲ್ಕು ಎಂದೇ ಹಾಕಿ. ಓದುವವರಲ್ಲಿ ಮುದುಕರೂ ಇರುತ್ತಾರೆ.

ಎಂಟರ ಬಗ್ಗೆ ಕೇಳಿ ಎಂದು ನಿಮಗೆ ಯಾರಾದರೂ ಹೇಳಿದರೇ?

ನಿವೃತ್ತ ಕಂಡಕ್ಟರ್

ಮಾರ್ಚ್ ೨೨

ಮಾನ್ಯರೇ,

ಯಾರೂ ಹೇಳಿಲ್ಲ. ಏಳಾದ ಮೇಲೆ ಎಂಟು ಬರಬೇಕೆಂದು ಒಂದನೇ ಕ್ಲಾಸಿನಲ್ಲೇ ಕಲಿತಿದ್ದೇನೆ.

ಭೂಮಾಪನ ಇಲಾಖೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನಿಮ್ಮ ದಾರಿಗಳನ್ನು ಪೆನ್ಸಿಲಿನಲ್ಲಿ ಎಳೆದು ನೋಡಿದೆ. ಎಂಟನೇ ಸ್ಟಾಪಿನಿಂದ ಒಂದು ಕಾಲುದಾರಿ ನೇರ ಗುಡ್ಡದ ನೆತ್ತಿಗೆ ಹೋಗುತ್ತದೆ. ಅಲ್ಲೊಂದು ಕೊಳವಿದೆ. ಆ ಕಣಿವೆಯಲ್ಲೆಲ್ಲ ನಡೆಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ನಿಮ್ಮ ಏಳನೇ ದಾರಿಯಾದರೋ ಕಲ್ಲುಗೋಡೆಯ ಮೆಟ್ಟಿಲು ದಾಟಿದ ಕೂಡಲೇ ಕೊಳದ ಕಡೆ ಬೆನ್ನು ತಿರುಗಿಸಿ ಕೆಳಗಿಳಿಯುತ್ತದೆ. ಒಂಬತ್ತನೇ ದಾರಿಯದು ಇನ್ನೂ ವಿಚಿತ್ರ. ಸ್ಟಾಪಿನಿಂದ ಹತ್ತು ನಿಮಿಷದ ದೂರದಲ್ಲಿ ಒಂದು ತೋಟದ ಮನೆ ನಕ್ಷೆಯಲ್ಲೇ ಇದೆ. ಬಸ್ಸು ತಪ್ಪಿದವರನ್ನು ನೀವು ಅಲ್ಲಿಗೆ ಕಳಿಸದೆ, ನಲವತ್ತು ನಿಮಿಷ ದೂರದ, ಹೊಳೆಯಾಚೆಯ ಮನೆಗೆ ಕಳಿಸುತ್ತೀರಿ. ಬೇರೆ ಹನ್ನೆರಡು ದಾರಿಗಳಲ್ಲೂ ತೀರಾ ಹತ್ತಿರದ ಮನೆಯನ್ನೇ ತೋರಿಸಿದ್ದೀರಿ.

ನಾಲ್ಕು ವರ್ಷದ ಹಿಂದೆ ಒಬ್ಬರು ಮನೆಯಲ್ಲೇ ಕೂತು ಬರೆದ ನಡಿಗೆಯ ಪುಸ್ತಕವನ್ನು ನಂಬಿ ಅಚ್ಚು ಹಾಕಿದೆವು. ಅದರಲ್ಲಿದ್ದ ಸೇತುವೆ ನೆಲದ ಮೇಲೆ ಇರಲೇ ಇಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ನಾನು, ಮಜ್ಜಿಗೆಯನ್ನೂ ಊದಿಯೇ ಕುಡಿಯುತ್ತೇನೆ. ಆ ತುಂಡನ್ನು ನೀವು ನಡೆದಿಲ್ಲವೋ, ಅಥವಾ ಅತ್ತ ಜನ ಬರಬಾರದೆಂದು ಆ ಮನೆಯವರು ನಿಮಗೆ ಹೇಳಿದ್ದಾರೋ? ದಯವಿಟ್ಟು ನೇರವಾಗಿ ತಿಳಿಸಿ.

ಸಂಪಾದಕಿ

ಏಪ್ರಿಲ್ ೨

ನಮಸ್ಕಾರ.

ನಕ್ಷೆ ಬರೆದವನು ಕುರ್ಚಿಯಲ್ಲಿ ಕೂತು ಬರೆದ. ನೀವೂ ಕುರ್ಚಿಯಲ್ಲಿ ಕೂತು ಓದುತ್ತೀರಿ. ನಾನು ಆರು ವರ್ಷ, ಮಳೆಗಾಲದ ಎರಡು ತಿಂಗಳು ಬಿಟ್ಟು, ಭಾನುವಾರ ತಪ್ಪದೆ ನಡೆದಿದ್ದೇನೆ. ಮೂರು ಜೊತೆ ಬೂಟು ಸವೆದಿವೆ. ಐದನೇ ದಾರಿಯ ಎರಡನೇ ಗೇಟಿನ ಅಗಳಿ ಎಡಕ್ಕೆ ಎತ್ತಿ ಬಲಕ್ಕೆ ತಳ್ಳಿದರೆ ಮಾತ್ರ ತೆಗೆಯುತ್ತದೆ. ಹನ್ನೊಂದರಲ್ಲಿ ತೊರೆ ದಾಟುವಾಗ ಮೂರನೇ ಕಲ್ಲು ಅಲ್ಲಾಡುತ್ತದೆ, ನಾಲ್ಕನೆಯದಕ್ಕೆ ಕಾಲಿಡಬೇಕು. ಇವು ನಿಮ್ಮ ನಕ್ಷೆಯಲ್ಲಿವೆಯೇ?

ಆ ಮನೆಯವರು ನನಗೆ ಏನೂ ಹೇಳಿಲ್ಲ. ಅವರ ವಿಷಯ ಎತ್ತಬೇಡಿ.

ನನಗೂ ಒಂದು ಅನುಮಾನವಿದೆ. ಪುಸ್ತಕ ಮಾಡುವವರು ಕಾಗುಣಿತ ನೋಡುತ್ತಾರೆ, ಪುಟ ಎಣಿಸುತ್ತಾರೆ. ನೀವು ಪೊಲೀಸರ ಹಾಗೆ ಕೇಳುತ್ತಿದ್ದೀರಿ. ಡಿಪೋದ ಆಫೀಸಿನವರ ಜೊತೆ ನಿಮಗೆ ಮಾತುಕತೆ ಇದೆಯೇ? ನನ್ನ ಅಕ್ಕನ ಜೊತೆ ಇರುತ್ತೇನೆ, ನನ್ನ ಕಾಗದ ಮೊದಲು ಓದುವವಳು ಅವಳು. 'ಸುಮ್ನೆ ಇರೋ ಇರುವೆ ಗೂಡಿಗೆ ನೀನೇ ಕೈ ಹಾಕಿದೆ' ಎಂದು ಬೈಯುತ್ತಿದ್ದಾಳೆ. ಹದಿಮೂರು ದಾರಿ ಸಾಕಾಗಿದ್ದರೆ ಹಾಕಿ. ಇಲ್ಲವಾದರೆ ಬಿಡಿ.

ನಿವೃತ್ತ ಕಂಡಕ್ಟರ್

ಏಪ್ರಿಲ್ ೧೧

ಮಾನ್ಯರೇ,

ಡಿಪೋದವರು ಯಾರೂ ನನಗೆ ಗೊತ್ತಿಲ್ಲ. ರಾತ್ರಿಯಿಡೀ ರೈಲಿನಲ್ಲಿ ಬಂದರೆ ಸಿಗುವ ದೂರ ನಿಮ್ಮ ಪಟ್ಟಣ.

ನಿಮ್ಮ ಏಳನೇ ದಾರಿಯ ಪ್ರತಿಯನ್ನು ನಮ್ಮ ಓದುಗರೊಬ್ಬರಿಗೆ ಪರೀಕ್ಷೆಗೆ ಕೊಟ್ಟಿದ್ದೆವು. ಗೋಡೆಯ ಮೆಟ್ಟಿಲು ಮುರಿದಿದೆ, ಇಳಿಯಲಾಗದೆ ಬೇರೆ ಕಡೆ ತಿರುಗಬೇಕಾಯಿತು ಎಂದು ಅವರು ಬರೆದಿದ್ದಾರೆ. ಇದಕ್ಕೇನು ಹೇಳುತ್ತೀರಿ?

ಸಂಪಾದಕಿ

ಏಪ್ರಿಲ್ ೧೬ (ಕಾರ್ಡು)

ಪೆಟ್ಟಾಯಿತೇ ಅವರಿಗೆ? ಯಾವ ಮೆಟ್ಟಿಲು, ಹತ್ತುವಾಗಿನದೋ ಇಳಿಯುವಾಗಿನದೋ? ವಯಸ್ಸೆಷ್ಟು? ಒಬ್ಬರೇ ಇದ್ದರೇ? ಅಲ್ಲಿಂದ ಯಾವ ಕಡೆ ಹೋದರು? ಮನೆಗೆ ಸರಿಯಾಗಿ ಮುಟ್ಟಿದರೇ? ಕೂಡಲೇ ತಿಳಿಸಿ.

ಏಪ್ರಿಲ್ ೨೩

ಮಾನ್ಯರೇ,

ನಿಮ್ಮ ಕಾರ್ಡನ್ನು ಊಟದ ಮೇಜಿನಲ್ಲಿ ನನ್ನ ನಾದಿನಿಗೆ ಓದಿ ಹೇಳಿದೆ. 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು ನೋಡು' ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಮೆಟ್ಟಿಲಿಗೆ ಇಷ್ಟು ಗಾಬರಿಯಾಗುವವರು, ಎಂಟರ ಮಾತಿಗೆ ಕಲ್ಲಾಗುತ್ತೀರಿ.

ಕೇಳಿರುವುದರಿಂದ ತಿಳಿಸುತ್ತೇನೆ. ಓದುಗರು ಅರವತ್ತೆಂಟು ವರ್ಷದ ಹೆಂಗಸು. ಒಬ್ಬರೇ ಇದ್ದರು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಮಂಜಿತ್ತಂತೆ. ಮೇಲೆ ಕೊಳದ ಕಡೆ ದಾರಿ ತಪ್ಪಿ, ಕೊನೆಗೆ ಎಂಟನೇ ಸ್ಟಾಪಿನ ಗೇಟಿನ ಹತ್ತಿರ ಬಂದು ಬಸ್ಸಿಗೆ ಕಾದು ಕೂತಿದ್ದರಂತೆ.

ಈಗಲಾದರೂ ಆ ಸ್ಟಾಪಿನ ವಿಷಯ ಹೇಳುತ್ತೀರಾ?

ಸಂಪಾದಕಿ

ಮೇ ೨೭

ಮಾನ್ಯರೇ,

ನನ್ನ ಕಾಗದಕ್ಕೆ ಒಂದು ತಿಂಗಳು ಮೀರಿದರೂ ಉತ್ತರವಿಲ್ಲ. ಮೌನ ಸಮ್ಮತಿಯ ಲಕ್ಷಣ ಎನ್ನುತ್ತಾರೆ. ನೀವು ಆ ಭಾಗವನ್ನು ನಡೆದೇ ಇಲ್ಲ ಎಂಬುದಕ್ಕೆ ಸಮ್ಮತಿ ಎಂದು ತಿಳಿಯುತ್ತೇನೆ. ಒಂದು ಕಡೆ ಮುಚ್ಚಿಟ್ಟವರು ಹದಿಮೂರು ಕಡೆ ನಿಜ ಬರೆದಿದ್ದಾರೆಂದು ನಾನು ಹೇಗೆ ನಂಬಲಿ? ನೋಟ್‌ಬುಕ್ಕನ್ನು ರಿಜಿಸ್ಟರ್ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ.

ಸಂಪಾದಕಿ

ಜೂನ್ ೪

ನಮಸ್ಕಾರ.

ನೋಟ್‌ಬುಕ್ಕು ಬಂತು. ಅದರ ಬಗ್ಗೆ ನನ್ನ ತಕರಾರಿಲ್ಲ.

ನಿಮ್ಮ ಏಪ್ರಿಲ್ ಇಪ್ಪತ್ತಮೂರರ ಕಾಗದ ಓದಿದ ದಿನ, ಹಳೆಯ ವಿಚಾರಣೆಯನ್ನು ಮತ್ತೆ ತೆರೆದಿದ್ದಾರೆ, ಪುಸ್ತಕದ ನೆಪದಲ್ಲಿ ಗಾಳ ಹಾಕಿ ನನ್ನನ್ನು ಎಳೆಯುತ್ತಿದ್ದಾರೆ ಎಂದುಕೊಂಡೆ. ಒಂದು ವಾರ ಯಾರು ಬಾಗಿಲು ಬಡಿದರೂ ತೆಗೆಯಲು ಅಕ್ಕನನ್ನೇ ಕಳಿಸುತ್ತಿದ್ದೆ. ಇಲ್ಲದಿದ್ದರೆ ಒಂಟಿ ಮುದುಕಿ, ಬಟ್ಟೆಯ ಚೀಲ, ಮಂಜು, ಆ ಗೇಟು, ಇವೆಲ್ಲ ನಿಮಗೆ ಎಲ್ಲಿಂದ ಸಿಗಬೇಕು? ನೀವು ಯಾರೇ ಆಗಿರಿ. ಇದನ್ನು ಬರೆಯಲು ಕೂತು ಐದು ಸಲ ಎದ್ದುಹೋಗಿದ್ದೇನೆ. ಈಗ ಮುಗಿಸಿಬಿಡುತ್ತೇನೆ.

ಹನ್ನೊಂದು ವರ್ಷದ ಹಿಂದಿನ ನವೆಂಬರ್. ಮಧ್ಯಾಹ್ನ ಮೂರೂವರೆಯ ಟ್ರಿಪ್ಪು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸುತ್ತಿದ್ದ. ಹದಿನೆಂಟು ನಿಮಿಷ ಲೇಟಾಗಿದ್ದೆವು. ಲೇಟಾಗುತ್ತಿದೆ ಎಂದು ಅದೇ ವಾರ ನನಗೆ ಮೆಮೋ ಕೊಟ್ಟಿದ್ದರು. ಬಸ್ಸಿನಲ್ಲಿ ಒಬ್ಬರು ಅಜ್ಜಿ ಇದ್ದರು, ವಾರಕ್ಕೊಮ್ಮೆ ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದವರು. ಪೊರೆ ಬಂದು ಮಸಕು ಮಸಕಾಗಿ ಕಾಣುತ್ತಿತ್ತು. ಅವರದು ಒಂಬತ್ತನೇ ಸ್ಟಾಪು. ಪ್ರತಿ ಸಲ ನಾನೇ ಕೈ ಹಿಡಿದು ಇಳಿಸುತ್ತಿದ್ದೆ. ಅವತ್ತು ಐದನೆಯದರಿಂದ ಪ್ರತಿ ಸ್ಟಾಪಿನಲ್ಲೂ 'ಬಂತೇನಪ್ಪಾ ನಮ್ಮದು?' ಎಂದು ಕೇಳುತ್ತಿದ್ದರು. ನಾಲ್ಕನೆಯ ಸಲ ಕೇಳಿದಾಗ ನಾನು ತಲೆ ಎತ್ತದೆ ಹೇಳಿದೆ:

'ಬಂತು, ಇಳೀರಮ್ಮ ಬೇಗ.'

ಇಳಿದರು. ರೈಟ್ ಹೇಳಿದೆ. ಬಸ್ಸು ಹೊರಟ ಮೇಲೆ ಗೊತ್ತಾಯಿತು, ಅದು ಎಂಟು.

ಎರಡು ಸ್ಟಾಪಿನಲ್ಲೂ ರಸ್ತೆಯ ಬಲಕ್ಕೆ ಒಂದೇ ಥರದ ಕಬ್ಬಿಣದ ಗೇಟು. ಒಂಬತ್ತರ ಗೇಟು ತೆಗೆದರೆ ಅವರ ಮನೆಯ ದಾರಿ. ಎಂಟರದು ತೆಗೆದರೆ ಗುಡ್ಡ. ಇದು ನನಗೆ ಗೊತ್ತಿತ್ತು. ಆದರೂ ಬೆಲ್ಲು ಹೊಡೆಯಲಿಲ್ಲ. ರಸ್ತೆ ಹಿಡಿದು ನಡೆದರೆ ಒಂದು ಮೈಲಿ, ಹೋಗುತ್ತಾರೆ ಬಿಡು ಎಂದುಕೊಂಡೆ.

ಒಂಬತ್ತರಲ್ಲಿ ಅವರ ಸೊಸೆ ಛತ್ರಿ ಹಿಡಿದು ನಿಂತಿದ್ದಳು. ಬಸ್ಸು ಕಂಡು ಕೈ ಬೀಸಿದಳು. ಡ್ರೈವರ್ 'ನಿಲ್ಲಿಸ್ಲಾ?' ಎಂದ. ನಾನು 'ಇಳಿಯೋರು ಯಾರೂ ಇಲ್ಲ, ಹೋಗು' ಎಂದೆ. ನಿಲ್ಲಿಸಿದ್ದರೆ, ನಿಮ್ಮ ಅತ್ತೆಯನ್ನು ಹಿಂದೆ ಇಳಿಸಿಬಿಟ್ಟೆ ಎಂದು ಹೇಳಬೇಕಾಗುತ್ತಿತ್ತು. ಮೆಮೋಕ್ಕೆ ಹೆದರಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಹೆದರಿಕೆಯಲ್ಲ, ನಾಚಿಕೆ. ಒಂದು ಹೆಂಗಸಿನ ಮುಂದೆ ತಪ್ಪಾಯಿತು ಎನ್ನಲು ನಾಚಿಕೆ.

ಮೂರನೇ ದಿನ ಬೆಳಿಗ್ಗೆ ಅವರು ಮೇಲೆ ಕೊಳದ ಹತ್ತಿರ ಸಿಕ್ಕರು. ಜೀವ ಇರಲಿಲ್ಲ.

ವಿಚಾರಣೆಯಲ್ಲಿ ನಾನು ಎರಡು ಮಾತು ಹೇಳಿದೆ. ಅಜ್ಜಿ ತಾವೇ ಇದೇ ನಮ್ಮ ಸ್ಟಾಪು ಎಂದು ಹಟ ಮಾಡಿ ಇಳಿದರು. ಒಂಬತ್ತರಲ್ಲಿ ಯಾರೂ ನಿಂತಿರಲಿಲ್ಲ. ಡ್ರೈವರ್ ತಲೆ ತಗ್ಗಿಸಿ ಹೌದೆಂದ. ಅವನೀಗ ಇಲ್ಲ. ನಮ್ಮಿಬ್ಬರ ಮಾತನ್ನು ಎಲ್ಲರೂ ನಂಬಿದರು.

ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಎಲ್ಲೇ ಒಬ್ಬರು ತಪ್ಪಿ ಇಳಿದರೂ ಅಲ್ಲಿಂದ ಒಂದು ಮನೆ ಮುಟ್ಟುವ ದಾರಿ ಗೊತ್ತಿರಬೇಕು ಎಂದು ಪ್ರತಿ ಸ್ಟಾಪಿನಿಂದಲೂ ನಡೆದೆ, ಬರೆದೆ. ನಿಮಗೆ ಅದು ವಿಹಾರದ ಪುಸ್ತಕವಾಗಿ ಕಂಡಿತು. ಇರಲಿ, ಹಾಗೆಂದೇ ನಾನು ಕಳಿಸಿದ್ದು. ಎಂಟರಲ್ಲಿ ಮಾತ್ರ ಇಳಿಯಲಾಗಲಿಲ್ಲ. ಒಂಬತ್ತರ ಆ ಮನೆಯ ಮುಂದೆ ಹಾಯಲೂ ಆಗಲಿಲ್ಲ.

ನಿಮ್ಮ ಕಾಗದ ಬಂದ ಮುಂದಿನ ಭಾನುವಾರ ಬಸ್ಸು ಹತ್ತಿದೆ. ಇಳಿಯದೆ ಕೊನೆ ಸ್ಟಾಪಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆ. ಆಮೇಲಿನ ವಾರ ಏಳರಲ್ಲಿ ಇಳಿದು ಗೋಡೆ ನೋಡಿದೆ. ಮೆಟ್ಟಿಲು ಐದಕ್ಕೆ ಐದೂ ಗಟ್ಟಿಯಾಗಿವೆ, ಒಂದೂ ಮುರಿದಿಲ್ಲ. ನಿಮ್ಮ ಓದುಗರು ಎಲ್ಲಿಗೆ ಹೋಗಿದ್ದರೋ ನನಗೆ ತಿಳಿಯಲಿಲ್ಲ. ಆದರೆ ಒಂದು ಮುದುಕಿ ಆ ಗೇಟಿನ ಹತ್ತಿರ ಕಾದು ಕೂತಿದ್ದಳು ಎಂಬ ಮಾತು ತಲೆಯಿಂದ ಹೋಗಲಿಲ್ಲ. ಮೂರನೇ ಭಾನುವಾರ ಎಂಟರಲ್ಲಿ ಇಳಿದೆ. ರಸ್ತೆ ಹಿಡಿದು ಒಂಬತ್ತಕ್ಕೆ ನಡೆದೆ. ಇಪ್ಪತ್ತಮೂರು ನಿಮಿಷ. ಗೇಟು ತೆಗೆದೆ.

ಮಗ ಅಂಗಳದಲ್ಲಿ ಬೇಲಿಯ ತಂತಿ ಬಿಗಿಯುತ್ತಿದ್ದ. ಸೊಸೆ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನನ್ನನ್ನು ಗುರುತಿಸಿದಳು, ಕೂರಿ ಎನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಅಮ್ಮನಿಗೆ ಬುದ್ಧಿ ಕೆಟ್ಟಿತ್ತು ಎಂದು ತಾನೇ ಊರಿಗೆಲ್ಲ ಹೇಳಿಕೊಂಡು ಬಂದೆ ಎಂದ ಮಗ. ಹೆಂಡತಿ ಸ್ಟಾಪಿಗೆ ಹೋಗಿದ್ದೆ ಎಂದು ಎಷ್ಟು ಆಣೆ ಇಟ್ಟರೂ ನಂಬಿರಲಿಲ್ಲವಂತೆ. ಮನೆಯಲ್ಲಿ ಬೆಚ್ಚಗೆ ಕೂತು ಅತ್ತೆಯನ್ನು ಸಾಯಲು ಬಿಟ್ಟವಳು ಎಂದು ನೆಂಟರು ಹೇಳಿದ್ದನ್ನೇ ನಂಬಿದ್ದನಂತೆ. ಅವಳ ಸ್ವಂತ ಅಣ್ಣಂದಿರೂ ಅದನ್ನೇ ನಂಬಿದ್ದರಂತೆ. ಹೇಳುತ್ತ ಹೇಳುತ್ತ ಅವನ ಕೈಯಿಂದ ಇಕ್ಕಳ ಬಿತ್ತು.

ಅವಳು ಕ್ಯಾನನ್ನು ಬೋರಲು ಹಾಕಿ ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದಳು.

'ನಾನು ಕೈ ಬೀಸಿದ್ದನ್ನ ನೀವು ನೋಡಿದ್ರಾ?'

'ನೋಡಿದೆ.'

'ಇವರ ಕಡೆ ತಿರುಗಿ ಇನ್ನೊಂದು ಸಲ ಹೇಳಿ.'

ಹೇಳಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಸು ಬರುವವರೆಗೂ ನಾನು ಸ್ಟಾಪಿನಲ್ಲಿ ನಿಂತಿದ್ದೆ.

ನಿಮಗೆ ಬೇಕಾಗಿದ್ದದ್ದು ಇದೇ ಆಗಿದ್ದರೆ, ಸಿಕ್ಕಿತು.

ನಿವೃತ್ತ ಕಂಡಕ್ಟರ್

ಜೂನ್ ೧೨

ಮಾನ್ಯರೇ,

ಓದುಗರು ಯಾರೂ ಇಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಕೊನೆಯವರೆಗೂ ಬರೆಯಲಾರೆ ಎಂದು ಹೀಗೆ ಶುರು ಮಾಡಿದೆ. ಏಳನೇ ದಾರಿಯನ್ನು ನಾವು ಯಾರಿಗೂ ಪರೀಕ್ಷೆಗೆ ಕೊಟ್ಟಿರಲಿಲ್ಲ. ಮೆಟ್ಟಿಲು ಮುರಿದಿದೆ ಎಂದರೆ, ದಾರಿ ನಡೆಯದ ಮನುಷ್ಯ ತಡವರಿಸುತ್ತಾನೆ, ಸಿಕ್ಕಿಬೀಳುತ್ತಾನೆ ಎಂದು ಹಾಗೆ ಬರೆದೆ. ನೀವು ತಡವರಿಸುವ ಬದಲು ಅವರ ಯೋಗಕ್ಷೇಮ ಕೇಳಿದಿರಿ. ಅದೂ ನಾಟಕವೆಂದೇ ನನಗೆ ಕಂಡಿತು. ಇಲ್ಲದ ಹೆಂಗಸಿಗೆ ವಯಸ್ಸು ಕೊಟ್ಟೆ, ಚೀಲ ಕೊಟ್ಟೆ. ತೀರಿಕೊಂಡ ನನ್ನ ತಾಯಿ ಅಂಥ ಚೀಲ ಹಿಡಿಯುತ್ತಿದ್ದಳು, ಅದೇ ಕೈಗೆ ಬಂತು. ಬಸ್ಸಿನ ಆ ಅಜ್ಜಿಯ ವಿಷಯ ನನಗೆ ಕಿಂಚಿತ್ತೂ ಗೊತ್ತಿರಲಿಲ್ಲ. ಇದನ್ನು ನೀವು ನಂಬಬೇಕೆಂದು ಕೇಳುವ ಮುಖ ನನಗಿಲ್ಲ.

ನಾನು ಒಂದು ಗುಡ್ಡವನ್ನೂ ಹತ್ತಿದವಳಲ್ಲ. ಹದಿನೆಂಟು ವರ್ಷದಿಂದ ನಡಿಗೆಯ ಪುಸ್ತಕ ತಿದ್ದುತ್ತೇನೆ. ಮನೆಯಿಂದ ಆಫೀಸಿಗೆ ಟ್ರಾಮು, ಆಫೀಸಿನಿಂದ ಮನೆಗೆ ಟ್ರಾಮು. ನಿಮ್ಮ ಕಾಗದವನ್ನು ನಾದಿನಿಗೂ ಓದಿ ಹೇಳಿದೆ. ಅವಳು ಈ ಸಲ ನಗಲಿಲ್ಲ. 'ಕಳ್ಳನ್ನ ಹಿಡಿಯೋಕೆ ಹೋಗಿ ನೀನು ಏನಾದೆ ಅತ್ತಿಗೆ?' ಎಂದಳು.

ನಿಮ್ಮನ್ನು ತಪ್ಪಿತಸ್ಥರಲ್ಲ ಎನ್ನುವ ಅಧಿಕಾರ ನನಗಿಲ್ಲ, ನೀವು ತಪ್ಪಿತಸ್ಥರು. ಆದರೆ ಹದಿಮೂರು ದಾರಿಗಳೂ ನಿಜ ಎಂದು ಈಗ ನನಗೆ ಗೊತ್ತು. ಸಾಧ್ಯವಾದರೆ ನೋಟ್‌ಬುಕ್ಕನ್ನು ಮತ್ತೆ ಕಳಿಸಿ. ಎಂಟನ್ನು ಬಿಟ್ಟೇ ಅಚ್ಚು ಹಾಕುತ್ತೇನೆ, ಯಾರೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ.

ಸಂಪಾದಕಿ

ಜೂನ್ ೩೦

ನಮಸ್ಕಾರ.

ನಿಮ್ಮನ್ನು ಕ್ಷಮಿಸಿದೆ ಎಂದು ಬರೆಯಲು ಎರಡು ಸಲ ಕೂತೆ, ಕೈ ಬರಲಿಲ್ಲ. ಇಲ್ಲದ ಮುದುಕಿಗಾಗಿ ಮೂರು ವಾರ ನಿದ್ದೆಗೆಟ್ಟಿದ್ದೇನೆ. ನೀವು ಸುಳ್ಳು ಹೇಳದಿದ್ದರೆ ನಾನು ಆ ಗೇಟು ತೆಗೆಯುತ್ತಿರಲಿಲ್ಲ ಎಂಬುದೂ ನಿಜ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಹಾಗೇ ಇರಲಿ. ಈ ಕಾಗದದ ಮಾತನ್ನೂ ನೀವು ಕಣ್ಣು ಮುಚ್ಚಿ ನಂಬಬೇಡಿ. ರೈಲು ಹತ್ತಿ ಬಂದು, ನಡೆದು ನೋಡಿ.

ಡಿಪೋಗೆ ಹೋಗಿ ಬರವಣಿಗೆಯಲ್ಲಿ ಹೇಳಿಕೆ ಕೊಟ್ಟೆ. ಆಫೀಸರು ನನಗೆ ಮಗನಾಗುವ ವಯಸ್ಸಿನವರು. ಎರಡು ಸಲ ಓದಿ, ಇಷ್ಟು ವರ್ಷ ಕಳೆದ ಮೇಲೆ ಈಗೇಕೆ, ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿದರು. ಅವರ ಕಣ್ಣಿನಲ್ಲಿ ನಿಮ್ಮ ಕಾಗದಗಳ ಅನುಮಾನವೇ ಇತ್ತು. ಸೀಲು ಹಾಕಿ ಒಂದು ಪ್ರತಿ ಕೊಡಿ ಎಂದು ಕೇಳಿ ತಗೊಂಡೆ. ಅವರು ಏನು ಮಾಡುತ್ತಾರೋ ಮಾಡಲಿ. ಪ್ರತಿಯನ್ನು ಆ ಮನೆಗೆ ಕೊಡಲು ಹೋದೆ.

ಮಗ ಮನೆಯಲ್ಲಿರಲಿಲ್ಲ. ಈ ಪ್ರತಿ ಕೈಗೆ ಬರುವ ಮೊದಲೇ, ತಾನಾಗಿಯೇ ಅವಳ ಅಣ್ಣಂದಿರ ಊರಿಗೆ ಹೋಗಿದ್ದಾನೆ, ಅವಳು ಹೇಳಿದ್ದೇ ನಿಜ ಎಂದು ಹೇಳಿ ಬರಲು. ಅವಳು ಸೀಲು ನೋಡಿದಳು, ಮಡಚಿ ಡಬ್ಬಿಯೊಳಗೆ ಇಟ್ಟಳು. ಆಮೇಲೆ ನೀವು ದಾರಿ ಬರೆಯುವವರಂತೆ, ಹೌದಾ ಎಂದಳು. ಹೌದೆಂದೆ. ಎಂಟರದು ಬರೆದಿದ್ದೀರಾ ಎಂದಳು. ಇಲ್ಲವೆಂದೆ. ಬೂಟು ಹಾಕಿಕೊಂಡು ಹೊರಗೆ ಬಂದಳು.

ಇಬ್ಬರೂ ಎಂಟಕ್ಕೆ ನಡೆದು, ಅಲ್ಲಿಂದ ಗುಡ್ಡ ಹತ್ತಿದೆವು. ಅವಳು ಮುಂದೆ, ನಾನು ಹಿಂದೆ. ಆ ಎರಡು ದಿನ ಅತ್ತೆಯನ್ನು ಹುಡುಕುತ್ತ ಆ ಗುಡ್ಡವನ್ನೆಲ್ಲ ಜಾಲಾಡಿದವಳು ಅವಳೇ. ಎಲ್ಲಿ ದಾರಿ ಎರಡಾಗುತ್ತದೆ, ಮಂಜಿನಲ್ಲಿ ಯಾವುದು ನಿಜದ ದಾರಿಯ ಹಾಗೆ ಕಾಣುತ್ತದೆ, ಯಾವ ಬಂಡೆಯಿಂದ ಕೂಗಿದರೆ ಕೆಳಗಿನ ಮನೆಗೆ ಕೇಳುತ್ತದೆ, ಎಲ್ಲ ಅವಳಿಗೆ ಗೊತ್ತು. ಅವಳು ಹೇಳಿದಳು, ನಾನು ಬರೆದುಕೊಂಡೆ. ಕೊಳದ ಹತ್ತಿರ ಒಂದು ಜಾಗದಲ್ಲಿ ನಿಂತಳು. ನಾನೂ ನಿಂತೆ. ಆಮೇಲೆ 'ಬರ್ಕೊಳ್ಳಿ, ಇಲ್ಲಿಂದ ಎಡಕ್ಕೆ' ಎಂದು ಮುಂದೆ ಹೊರಟಳು.

ನೋಟ್‌ಬುಕ್ಕು ಮತ್ತು ಎಂಟನೇ ದಾರಿಯ ಒಂಬತ್ತು ಹಾಳೆ ಇದರ ಜೊತೆಗಿವೆ. ಬಿಟ್ಟು ಅಚ್ಚು ಹಾಕುವ ಮಾತು ಬೇಡ. ಒಂಬತ್ತನೇ ದಾರಿಯ ಕೊನೆಯಲ್ಲಿ, ತಟ್ಟಬೇಕಾದ ಮನೆ ಎಂಬಲ್ಲಿ ಹೊಳೆಯಾಚೆಯದನ್ನು ಹೊಡೆದುಹಾಕಿ ಅವರ ಮನೆಯನ್ನು ಬರೆದಿದ್ದೇನೆ. ಅವಳೇ ಬರೆಯಿರಿ ಎಂದಳು. ಎಂಟರ ಕೆಳಗೆ ದಾರಿ ಹೇಳಿದವರು ಎಂಬ ಕಡೆ ನನ್ನನ್ನು ಹಾಕಬೇಡಿ, ಅವಳನ್ನು ಹಾಕಿ. ಹಾಗೆ ಹಾಕಿಸುತ್ತೇನೆ ಎಂದಾಗ ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು:

'ನನ್ನ ಮಾತು ನಂಬ್ತಾರಾ ಅವರು?'

ನಂಬುತ್ತಾರೆ ಎಂದಿದ್ದೇನೆ. ಉತ್ತರವನ್ನು ನನಗೆ ಬರೆಯಬೇಡಿ, ಅವಳಿಗೆ ಬರೆಯಿರಿ.

ನಿವೃತ್ತ ಕಂಡಕ್ಟರ್